ವಿಟಮಿನ್ ಡಿ ಗುಳಿಗೆ ಎಷ್ಟು, ಎಷ್ಟು ದಿನ? ಬಿಸಿಲ ನಾಡಿನವರಿಗೆ ಸಮಗ್ರ ಮಾರ್ಗದರ್ಶಿ

60,000 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ ಗುಳಿಗೆಯ ಸ್ಟ್ರಿಪ್‌ನಲ್ಲಿ ಸಾಮಾನ್ಯವಾಗಿ ನಾಲ್ಕೇ ಗುಳಿಗೆ ಇರುತ್ತವೆ. ವಾರಕ್ಕೊಂದರಂತೆ ಒಂದು ತಿಂಗಳಿಗೆ ಸಾಕಾಗಲಿ ಅಂತ. ಆ ನಾಲ್ಕು ಮುಗಿದ ಮೇಲೆ ಏನು ಮಾಡಬೇಕು ಅನ್ನೋದೇ ಬಹಳ ಜನರಿಗೆ ಗೊತ್ತಿರುವುದಿಲ್ಲ. ಗಂಗಾವತಿಯ ಮೆಡಿಕಲ್ ಅಂಗಡಿಯಲ್ಲಿ ಕೌಂಟರಿನ ಒಳಗೆ ನಿಲ್ಲುವ ನನಗೆ ಎರಡು ಥರದವರು ಸಿಗುತ್ತಾರೆ. ಕೆಲವರು ನಾಲ್ಕು ನುಂಗಿ ಮರೆತುಬಿಡುತ್ತಾರೆ. ಇನ್ನು ಕೆಲವರು ಹಳೇ ಚೀಟಿಯನ್ನು ಮಡಚಿ ಮಡಚಿ, ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿದ್ದರೂ, ವರ್ಷಗಟ್ಟಲೆ ಅದನ್ನೇ ತೋರಿಸಿ ಒಯ್ಯುತ್ತಾರೆ. ಕೇಳಿದರೆ ಹೇಳೋದು ಒಂದೇ ಮಾತು:

"ಡಾಕ್ಟ್ರು ವಾರಕ್ಕೊಂದು ಅಂದಾರ್ರಿ. ಎಷ್ಟು ವಾರ ಅಂತ ಹೇಳಿಲ್ರಿ."

ಹೇಳಿರುತ್ತಾರೆ. ಚೀಟಿಯ ಮೂಲೆಯಲ್ಲಿ 8 ವಾರ ಅಂತ ಬರೆದೂ ಇರುತ್ತಾರೆ. ಆದರೆ ಮನಸ್ಸಿನಲ್ಲಿ ಉಳಿಯೋದು ವಾರಕ್ಕೊಂದು ಅನ್ನೋದಷ್ಟೇ.

ಅದಕ್ಕೇ ಹೇಳ್ತೀನಿ, ವಿಟಮಿನ್ ಡಿ ಪ್ರಮಾಣ ಅಂದರೆ ಒಂದು ಅಂಕಿ ಅಲ್ಲ, ಎರಡು. ದಿನಕ್ಕೆ ಎಷ್ಟು ಬೀಳುತ್ತೆ ಅನ್ನೋದು ಒಂದು. ಯಾವ ತಾರೀಖಿಗೆ ನಿಲ್ಲಿಸಬೇಕು ಅನ್ನೋದು ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಗೊತ್ತಿದ್ದೂ ಉಪಯೋಗವಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡು ಅಂಕಿಗಳನ್ನು ಕಂಡುಕೊಳ್ಳೋಕೆ.

ಹೆಜ್ಜೆ 1: ನೀವೇ ನಿರ್ಧರಿಸಬಾರದವರ ಪಟ್ಟಿಯಲ್ಲಿ ಇದ್ದೀರಾ ನೋಡಿಕೊಳ್ಳಿ

ವಿಟಮಿನ್ ಡಿ ಕರುಳಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳೋಕೆ ಸಹಾಯ ಮಾಡುತ್ತೆ. ಅದರ ಮುಖ್ಯ ಕೆಲಸವೇ ಅದು. ಜಾಸ್ತಿಯಾದರೆ ಆಗುವ ತೊಂದರೆಯೂ ಅಲ್ಲೇ: ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ. ಹಾಗಾಗಿ ಕಿಡ್ನಿ ಕಾಯಿಲೆ ಇರುವವರು, ಮೂತ್ರದಲ್ಲಿ ಹರಳು ಆಗಿದ್ದವರು, ಪ್ಯಾರಾಥೈರಾಯ್ಡ್ (ಕುತ್ತಿಗೆಯಲ್ಲಿದ್ದು ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಗ್ರಂಥಿ) ತೊಂದರೆ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ನಮ್ಮ ಕಡೆ ಹರಳಿನವರು ಕಡಿಮೆ ಇಲ್ಲ. ಈ ಸೆಕೆಯಲ್ಲಿ ಬೆವರು ಸುರಿಸಿ, ಅದಕ್ಕೆ ತಕ್ಕಷ್ಟು ನೀರು ಕುಡಿಯದಿದ್ದರೆ ಹರಳು ಆಗೋದು ಸಹಜವೇ.

ಟಿಬಿ ಮತ್ತು ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮುಂತಾದ ಕಡೆ ಸಣ್ಣ ಗಂಟುಗಳಾಗುವ ಕಾಯಿಲೆ) ಇರುವವರೂ ಹುಷಾರು. ಈ ಕಾಯಿಲೆಗಳಲ್ಲಿ ದೇಹ ತಾನಾಗಿಯೇ ವಿಟಮಿನ್ ಡಿಯನ್ನು ಚುರುಕು ರೂಪಕ್ಕೆ ತಿರುಗಿಸಿ, ಕ್ಯಾಲ್ಸಿಯಂ ಏರಿಸಿಬಿಡಬಹುದು. ಬಿಪಿಗೆ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್ ಥರದ ಮೂತ್ರ ಹೆಚ್ಚಿಸುವ ಗುಳಿಗೆ ತಗೊಳ್ಳುವವರು, ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರು ಅದನ್ನು ಹೇಳಲೇಬೇಕು. ಇದಕ್ಕೆ ಉಲ್ಟಾ, ಫಿಟ್ಸ್‌ಗೆ ಫೆನಿಟಾಯಿನ್ ತಗೊಳ್ಳುವವರಲ್ಲಿ, ಟಿಬಿಗೆ ರಿಫಾಂಪಿಸಿನ್ ತಗೊಳ್ಳುವವರಲ್ಲಿ, ಬಹಳ ದಿನ ಸ್ಟೀರಾಯ್ಡ್ ನುಂಗುವವರಲ್ಲಿ ವಿಟಮಿನ್ ಡಿ ಬೇಗ ಕರಗುತ್ತೆ ಇಲ್ಲವೇ ಸರಿಯಾಗಿ ಕೆಲಸ ಮಾಡಲ್ಲ. ಅವರಿಗೆ ಮಾಮೂಲಿ ಲೆಕ್ಕ ಹೊಂದೋದಿಲ್ಲ.

ಬಸುರಿಯರು ಮತ್ತು ಒಂದು ವರ್ಷದೊಳಗಿನ ಕೂಸುಗಳ ವಿಷಯ ಮುಂದೆ ಬೇರೆಯಾಗಿ ಹೇಳ್ತೀನಿ.

ಹೆಜ್ಜೆ 2: ಎಲ್ಲವನ್ನೂ ದಿನದ ಲೆಕ್ಕಕ್ಕೆ ತನ್ನಿ

ಪ್ಯಾಕೆಟ್ ಮೇಲೆ ಕೆಲವು ಕಡೆ ಐಯು ಇರುತ್ತೆ, ಕೆಲವು ಕಡೆ ಮೈಕ್ರೋಗ್ರಾಂ. 1 ಮೈಕ್ರೋಗ್ರಾಂ ಅಂದರೆ 40 ಐಯು. ಅಂದರೆ 15 ಮೈಕ್ರೋಗ್ರಾಂ 600 ಐಯು ಆಯ್ತು, 25 ಮೈಕ್ರೋಗ್ರಾಂ 1,000 ಐಯು ಆಯ್ತು.

ಈಗ 60,000 ಐಯು ಗುಳಿಗೆಯನ್ನು ದಿನಕ್ಕೆ ಹಂಚಿ. ತಿಂಗಳಿಗೊಂದು ಅಂದರೆ ದಿನಕ್ಕೆ 2,000. ಹದಿನೈದು ದಿನಕ್ಕೊಂದು ಅಂದರೆ 4,000. ವಾರಕ್ಕೊಂದು ಅಂದರೆ ದಿನಕ್ಕೆ ಸುಮಾರು 8,570.

ಇದರ ಪಕ್ಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಅಂಕಿ ಇಟ್ಟು ನೋಡಿ. ಬಿಸಿಲು ಅಷ್ಟಾಗಿ ಬೀಳದ ದೊಡ್ಡವರಿಗೆ ದಿನಕ್ಕೆ 600 ಐಯು. ದಿನಕ್ಕೆ 4,000 ಐಯು ದಾಟಬಾರದು ಅನ್ನೋದು ಮೇಲಿನ ಮಿತಿ. ಅಂದರೆ ವಾರಕ್ಕೊಂದು ಗುಳಿಗೆ ಆ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ಕೊರತೆ ಇದ್ದಾಗ ಎಂಟು ವಾರಕ್ಕೆ ಇದು ಸರಿ, ವೈದ್ಯರು ಗೊತ್ತಿದ್ದೇ ಕೊಡುತ್ತಾರೆ. ಎರಡು ವರ್ಷಕ್ಕೆ ಸರಿ ಅಲ್ಲ. ಭತ್ತದ ಗದ್ದೆಗೆ ನಾಟಿಗೆ ಮುಂಚೆ ಕೆಸರು ಮಾಡೋಕೆ ನೀರು ತುಂಬಿಸುತ್ತೀವಿ, ಆಮೇಲೆ ಮಟ್ಟ ಇಳಿಯದಷ್ಟು ಮಾತ್ರ ಬಿಡುತ್ತೀವಿ, ಅಲ್ವಾ? ವಾರದ ಗುಳಿಗೆ ಆ ಮೊದಲ ನೀರು.

ಹೆಜ್ಜೆ 3: ಬಿಸಿಲು ನಿಮ್ಮ ಮೈಗೆ ತಾಗುತ್ತಾ ಅಂತ ನೋಡಿ

ಬಳ್ಳಾರಿ, ರಾಯಚೂರಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡುತ್ತಾರೆ. "ನಮ್ಮೂರಾಗ ಬಿಸಿಲಿಗೇನ್ ಬರಾನ್ರೀ?" ಅಂತ ಗಿರಾಕಿಗಳು ನಗುತ್ತಾರೆ. ಊರಿಗೆ ಬಿಸಿಲಿನ ಬರ ಇಲ್ಲ, ನಿಜ. ಆದರೆ ಊರಿನ ಬಿಸಿಲು ಬೇರೆ, ಚರ್ಮದ ಮೇಲೆ ಬೀಳುವ ಬಿಸಿಲು ಬೇರೆ.

ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ ಬೆಳಗ್ಗೆಯಿಂದ ರಾತ್ರಿವರೆಗೆ ಮಷಿನ್ ಮುಂದೆ ಕೂರುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ರಾತ್ರಿ ಪಾಳಿ ಮಾಡಿ ಹಗಲು ಮಲಗುವವರು, ಅಂಗಡಿ, ಬ್ಯಾಂಕು, ಶಾಲೆಯಲ್ಲಿ ನೆರಳಲ್ಲೇ ಇರುವವರು, ಬುರ್ಖಾ ಅಥವಾ ತಲೆತುಂಬ ಸೆರಗು ಹೊದ್ದು ಓಡಾಡುವ ಹೆಣ್ಣುಮಕ್ಕಳು, ಇವರಿಗೆಲ್ಲ ಬಿಸಿಲು ಕಣ್ಣಿಗೆ ಕಾಣುತ್ತೆ, ಮೈಗೆ ತಾಗಲ್ಲ. ಹೊಲದ ಕೆಲಸದವರೂ ಬೇಸಿಗೆಯಲ್ಲಿ ನಸುಕಿನಲ್ಲಿ ಹೋಗಿ ಬಿಸಿಲೇರುವ ಮುಂಚೆ ಮನೆ ಸೇರುತ್ತಾರೆ. ತುಂಬುತೋಳಿನ ಅಂಗಿ, ತಲೆಗೆ ಟವೆಲ್ ಬೇರೆ.

ಇನ್ನೊಂದು ವಿಷಯ. ಎಳೆ ಬಿಸಿಲೇ ಒಳ್ಳೇದು ಅಂತ ಬೆಳಗ್ಗೆ ಏಳಕ್ಕೆ ಕೂರುವವರು ಬಹಳ. ಮೈ ಬೆಚ್ಚಗಾಗೋಕೆ ಅದು ಚೆನ್ನ. ವಿಟಮಿನ್ ಡಿ ತಯಾರಾಗೋಕೆ ಬೇಕಾದ ಯುವಿಬಿ ಕಿರಣ ಆ ಹೊತ್ತಿನಲ್ಲಿ ಇರೋದಿಲ್ಲ ಅನ್ನುವಷ್ಟು ಕಡಿಮೆ. ಗುರುತು ಹಿಡಿಯೋದು ಸುಲಭ: ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು. ಮೇ ಮೊದಲ ವಾರದಲ್ಲಿ ನಡು ಹಗಲು ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ, ಆಗ ಒಂಬತ್ತೂವರೆ ಹೊತ್ತಿಗೇ ನೆರಳು ಗಿಡ್ಡವಾಗಿರುತ್ತೆ. ಡಿಸೆಂಬರಿನಲ್ಲಿ ಹನ್ನೊಂದರಿಂದ ಒಂದೂವರೆ ಒಳಗೆ ಮಾತ್ರ. ನಾವು 15-16 ಡಿಗ್ರಿ ಅಕ್ಷಾಂಶದಲ್ಲಿ ಇರೋದರಿಂದ ವರ್ಷದ ಯಾವ ತಿಂಗಳಲ್ಲೂ ಈ ಹೊತ್ತು ಸಿಕ್ಕೇ ಸಿಗುತ್ತೆ.

ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನ ಇಲ್ಲ, ಗಾಜು ಯುವಿಬಿಯನ್ನು ತಡೆಯುತ್ತೆ. ಕಪ್ಪು ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಜಾಸ್ತಿ ಹೊತ್ತು ಬೇಕು. ಮುಖ, ತೋಳು, ಮೊಣಕಾಲ ಕೆಳಗಿನ ಭಾಗಕ್ಕೆ ವಾರದಲ್ಲಿ ಕೆಲವು ದಿನ ಅರ್ಧ ಗಂಟೆಯ ಆಸುಪಾಸು ಬಿಸಿಲು ಬೀಳುತ್ತಿದ್ದರೆ ನಿಮಗೆ ಗುಳಿಗೆಯ ಅಗತ್ಯ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ನಡು ಮಧ್ಯಾಹ್ನ ನಿಲ್ಲೋಕೆ ಹೋಗಬೇಡಿ. ವಿಟಮಿನ್ ಆಸೆಗೆ ಹೋಗಿ ಬಿಸಿಲು ಹೊಡೆಸಿಕೊಂಡರೆ ಎಡವಟ್ಟು. ಬಿಸಿಲಿನಿಂದ ವಿಟಮಿನ್ ಡಿ ವಿಷವಾಗುವಷ್ಟು ಏರೋದಿಲ್ಲ, ಚರ್ಮವೇ ಹೆಚ್ಚಾದದ್ದನ್ನು ಒಡೆದುಹಾಕುತ್ತೆ. ಗುಳಿಗೆಗೆ ಆ ಕಡಿವಾಣ ಇಲ್ಲ.

ಊಟದಿಂದ ಬರೋದು ಸ್ವಲ್ಪವೇ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಐಯು. ಪ್ಯಾಕೆಟ್ ಹಾಲಿನ ಮೇಲೆ ನೀಲಿ ಬಣ್ಣದ ಎಫ್ ಅಕ್ಷರದ ಜೊತೆ ಕೂಡಿಸುವ ಗುರುತು ಇದ್ದರೆ ಲೀಟರಿಗೆ 200ರಿಂದ 300 ಐಯು ಸೇರಿಸಿರುತ್ತಾರೆ. ಅದೇ ಗುರುತಿನ ಅಡುಗೆ ಎಣ್ಣೆಯಲ್ಲಿ ಗ್ರಾಂಗೆ 4ರಿಂದ 6 ಐಯು, ಅಂದರೆ ದಿನಕ್ಕೆ 20 ಗ್ರಾಂ ಎಣ್ಣೆ ತಿಂದರೆ 100 ಐಯು ಆಚೀಚೆ. ಗಾಣದ ಕುಸುಬಿ ಎಣ್ಣೆ, ಮನೆ ಎಮ್ಮೆಯ ಹಾಲು ಎಷ್ಟೇ ಶುದ್ಧ ಇದ್ದರೂ ಇದು ಸೇರಿರಲ್ಲ.

ಹೆಜ್ಜೆ 4: ರಕ್ತ ಪರೀಕ್ಷೆ ಬೇಕಾ?

ಎಲ್ಲರಿಗೂ ಬೇಡ. ಆರೋಗ್ಯವಾಗಿರುವವರಿಗೆ ಸುಮ್ನೆ ಈ ಪರೀಕ್ಷೆ ಮಾಡಿಸಬೇಡಿ ಅಂತ ಅಮೆರಿಕದ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯೇ 2024ರಲ್ಲಿ ಹೇಳಿದೆ. ದಿನಕ್ಕೆ 600ರಿಂದ 1,000 ಐಯು ತಗೊಳ್ಳೋಕೆ ಪರೀಕ್ಷೆಯ ಹಂಗೇ ಇಲ್ಲ. ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ ಇದು ಸೇರಿರುತ್ತೆ, ವರದಿಯಲ್ಲಿ ಕೆಂಪಕ್ಷರ ಬರುತ್ತೆ, ಜನ ಹೆದರಿ ಓಡಿ ಬರುತ್ತಾರೆ.

ಬೇಕಾಗುವವರು ಯಾರು? ಕಾರಣವಿಲ್ಲದೆ ಎಲುಬು ನೋಯುವವರು, ನೆಲದಿಂದ ಏಳೋಕೆ ಕೈಯೂರಬೇಕಾದವರು, ಸಣ್ಣ ಪೆಟ್ಟಿಗೇ ಮೂಳೆ ಮುರಿದುಕೊಂಡವರು, ಕಾಲು ಬಾಗಿದ ಮಕ್ಕಳು, ಹೆಜ್ಜೆ 1ರಲ್ಲಿ ಹೇಳಿದವರು.

ಮಾಡಿಸೋದಾದರೆ 25-ಹೈಡ್ರಾಕ್ಸಿ ವಿಟಮಿನ್ ಡಿ ಅಂತ ಕೇಳಿ ಮಾಡಿಸಿ. 1,25-ಡೈಹೈಡ್ರಾಕ್ಸಿ ಅನ್ನೋದು ಬೇರೆ ಪರೀಕ್ಷೆ, ಕೊರತೆ ನೋಡೋಕೆ ಅದು ಸಲ್ಲದು. ಕೂದಲಿಗೆ ಅಂತ ಬಯೋಟಿನ್ ಗುಳಿಗೆ ತಗೊಳ್ಳುತ್ತಿದ್ದರೆ ಮೊದಲೇ ಲ್ಯಾಬಿನವರಿಗೆ ಹೇಳಿ. ಕೆಲವು ಯಂತ್ರಗಳಲ್ಲಿ ಅದರಿಂದ ಅಂಕಿ ತಪ್ಪಾಗಿ ಜಾಸ್ತಿ ತೋರಿಸುತ್ತೆ.

ವರದಿ ಕೈಗೆ ಬಂದ ಮೇಲೆ ಮೊದಲು ಮಾನ ನೋಡಿ. ನಮ್ಮ ಕಡೆ ಹೆಚ್ಚಾಗಿ ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಅಂತ ಇರುತ್ತೆ. ನ್ಯಾನೋಮೋಲ್ ಅಂತ ಇದ್ದರೆ ಅದನ್ನು 2.5ರಿಂದ ಭಾಗಿಸಿ. 50 ನ್ಯಾನೋಮೋಲ್ ಅಂದರೆ 20 ನ್ಯಾನೋಗ್ರಾಂ.

12ಕ್ಕಿಂತ ಕೆಳಗಿದ್ದರೆ ನಿಜವಾದ ಕೊರತೆ, ಇದರಲ್ಲಿ ಯಾರದ್ದೂ ತಕರಾರಿಲ್ಲ. 20 ಇದ್ದರೆ ಬಹುತೇಕ ಎಲ್ಲರ ಮೂಳೆಗೂ ಸಾಕು ಅಂತ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲಿ ಹೇಳಿತು. 30 ಬೇಕು ಅಂತ ಎಂಡೋಕ್ರೈನ್ ಸೊಸೈಟಿ 2011ರಲ್ಲಿ ಹೇಳಿತು, 2024ರಲ್ಲಿ ಆ ಗೆರೆಯನ್ನು ತಾನೇ ಕೈಬಿಟ್ಟಿತು. ಆದರೆ ಲ್ಯಾಬ್ ವರದಿಗಳಲ್ಲಿ ಇನ್ನೂ 30ರಿಂದ 100 ಅಂತಲೇ ಅಚ್ಚಾಗುತ್ತಿದೆ. 24 ಬಂದವರಿಗೆ ಕೆಂಪಕ್ಷರ ಬೀಳೋದು ಅದಕ್ಕೇ. ನನ್ನ ಅಭಿಪ್ರಾಯ ಕೇಳಿದರೆ, ನೋವು ನುಲಿ ಏನೂ ಇಲ್ಲದವರು 24 ನೋಡಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹೆಜ್ಜೆ 5: ನಿಮ್ಮ ಅಂಕಿ ಆರಿಸಿಕೊಳ್ಳಿ

ಪರೀಕ್ಷೆ ಇಲ್ಲದೆ, ದಿನವಹಿ ತಗೊಳ್ಳುವವರು ಮೊದಲು.

ಬಿಸಿಲು ತಾಗದ ಕೆಲಸದಲ್ಲಿರುವ ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 600ರಿಂದ 1,000 ಐಯು ಸಾಕು. 70 ದಾಟಿದವರಿಗೆ 800ರಿಂದ 1,000. ಇಷ್ಟು ತಗೊಂಡರೆ ಅಪಾಯ ಇಲ್ಲವೇ ಇಲ್ಲ ಅನ್ನಬಹುದು, ಹೆಜ್ಜೆ 1ರವರನ್ನು ಬಿಟ್ಟು. ಇದಕ್ಕಿಂತ ಜಾಸ್ತಿ ತಗೊಂಡರೆ ಹೃದಯಕ್ಕೆ ಒಳ್ಳೇದು, ಕ್ಯಾನ್ಸರ್ ಬರಲ್ಲ ಅನ್ನೋ ಮಾತು ಕೇಳಿ ಬರುತ್ತೆ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಅಧ್ಯಯನದಲ್ಲಿ ಅರ್ಧ ಜನಕ್ಕೆ ದಿನಾ 2,000 ಐಯು, ಉಳಿದವರಿಗೆ ಖಾಲಿ ಗುಳಿಗೆ ಕೊಟ್ಟು ಐದು ವರ್ಷ ನೋಡಿದರು. ಹೊಸದಾಗಿ ಕ್ಯಾನ್ಸರ್ ಬರೋದಾಗಲಿ, ಹೃದಯಾಘಾತವಾಗಲಿ, ಮೂಳೆ ಮುರಿತವಾಗಲಿ ಕಡಿಮೆ ಆಗಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಕೊರತೆ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ಕೊರತೆ ಇಲ್ಲದವರಿಗೆ ಮೇಲೆ ಸುರಿದರೆ ಲಾಭ ಇಲ್ಲ ಅಂತ ಅರ್ಥ.

ಮಕ್ಕಳಿಗೆ ಒಂದು ವರ್ಷದಿಂದ ಮೇಲೆ 600 ಐಯು. ಅವರ ಮೇಲಿನ ಮಿತಿ ದೊಡ್ಡವರದ್ದಲ್ಲ: ಮೂರು ವರ್ಷದವರೆಗೆ 2,500, ಎಂಟರವರೆಗೆ 3,000.

ಎದೆಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಹಾಗಾಗಿ ಕೂಸಿಗೆ ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಐಯು ಹನಿ ಕೊಡಬೇಕು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಇಲ್ಲಿ ದಯವಿಟ್ಟು ಬಾಟಲಿ ಓದಿ. ಒಂದು ಕಂಪನಿಯದು ಒಂದು ಎಂಎಲ್‌ಗೆ 400 ಐಯು, ಇನ್ನೊಂದರದು ಒಂದು ಎಂಎಲ್‌ಗೆ 800. ಮೊದಲನೆಯದರಲ್ಲಿ ಪೂರ್ತಿ ಒಂದು ಎಂಎಲ್, ಎರಡನೆಯದರಲ್ಲಿ ಅರ್ಧ. ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂತ ಬೇರೆ ಕಂಪನಿಯದು ಕೊಟ್ಟಾಗ ಮತ್ತೊಮ್ಮೆ ಕೇಳಿ. ಇದಕ್ಕಿಂತ ಅಪಾಯ ಅಂದರೆ 5 ಎಂಎಲ್‌ನ ಪುಟಾಣಿ ಬಾಟಲಿ. ಅದರಲ್ಲಿ 60,000 ಐಯು ಇರುತ್ತೆ, ನೋಡೋಕೆ ಕೂಸಿನ ಟಾನಿಕ್ ಥರಾನೇ. ಅದನ್ನು ದಿನಾ ಕುಡಿಸಿ ಕೂಸುಗಳು ಆಸ್ಪತ್ರೆ ಸೇರಿದ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ವರದಿಗಳಲ್ಲಿವೆ.

ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಗುಳಿಗೆಯಲ್ಲೇ 250 ಐಯು ವಿಟಮಿನ್ ಡಿ ಇರುತ್ತೆ. ದಿನಕ್ಕೆ ಎರಡು ಅಂದರೆ 500 ಐಯು ಆಯ್ತು. ಆಶಾ ಅಕ್ಕ ಕೊಟ್ಟದ್ದನ್ನು ಡಬ್ಬಿಯಲ್ಲೇ ಬಿಟ್ಟು, ಮೆಡಿಕಲ್‌ನಲ್ಲಿ ದುಡ್ಡು ಕೊಟ್ಟು ಅದನ್ನೇ ಕೊಳ್ಳೋದು ಯಾಕೆ? ಕಬ್ಬಿಣದ ಗುಳಿಗೆ ಮತ್ತು ಇದನ್ನು ಮಾತ್ರ ಒಟ್ಟಿಗೆ ನುಂಗಬೇಡಿ, ಕನಿಷ್ಠ ಎರಡು ಗಂಟೆ ಅಂತರ ಇರಲಿ. ಇದಕ್ಕಿಂತ ಜಾಸ್ತಿ ಬೇಕಾ ಅನ್ನೋದನ್ನು ತಪಾಸಣೆ ಮಾಡುವ ಡಾಕ್ಟರಮ್ಮನೇ ಹೇಳಲಿ.

ಈಗ ವರದಿ ಕೈಯಲ್ಲಿರುವವರ ಲೆಕ್ಕ. ದಿನಕ್ಕೆ 100 ಐಯು ತಗೊಂಡರೆ ಎರಡು ಮೂರು ತಿಂಗಳಲ್ಲಿ ರಕ್ತದ ಮಟ್ಟ ಸುಮಾರು 1 ನ್ಯಾನೋಗ್ರಾಂ ಏರುತ್ತೆ, ಕೆಲವರಲ್ಲಿ ಸ್ವಲ್ಪ ಕಡಿಮೆ. ನಿಮ್ಮದು 16 ಬಂದಿದೆ, 26 ಆದರೆ ಸಾಕು ಅಂದುಕೊಳ್ಳಿ. 10 ಏರಬೇಕು, ಅಂದರೆ ದಿನಕ್ಕೆ 1,000 ಐಯು. ಅವಸರ ಇಲ್ಲದಿದ್ದರೆ ಇಷ್ಟೇ ಸಾಕು, ವಾರದ ಗುಳಿಗೆಯ ಗೊಡವೆಯೇ ಬೇಡ. 2,000 ತಗೊಂಡರೂ ಮಿತಿಯೊಳಗೇ ಇರುತ್ತೀರಿ.

ಅದೇ 8 ಬಂದಿದ್ದು, ಎಲುಬು ನೋವೂ ಇದ್ದರೆ ವೈದ್ಯರು ವಾರಕ್ಕೆ 60,000ದಂತೆ ಎಂಟು ವಾರ ಬರೆಯುತ್ತಾರೆ. ಒಟ್ಟು 4,80,000 ಐಯು. ಜೊತೆಗೆ ಮೂಳೆ, ಕಿಡ್ನಿ ಹೇಗಿವೆ ಅಂತ ತಿಳಿಯೋಕೆ ರಕ್ತದಲ್ಲಿ ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್ ಕೂಡ ನೋಡಿಸುತ್ತಾರೆ. ಎಂಟು ಮುಗಿದ ಮೇಲೆ ದಿನಕ್ಕೆ 1,000 ಐಯು ಅಥವಾ ತಿಂಗಳಿಗೊಂದು 60,000. ನಾನು ಗಿರಾಕಿಗಳಿಗೆ ಹೇಳೋದು ಇಷ್ಟೇ: ಎರಡು ಸ್ಟ್ರಿಪ್ ಕೊಂಡ ಕೂಡಲೇ ಅಂಗಡಿಯಲ್ಲೇ ಪೆನ್ನು ಇಸಿದುಕೊಂಡು ಒಂದೊಂದು ಗುಳಿಗೆಯ ಹಿಂದೆ ತಾರೀಖು ಬರೀರಿ. ಎಂಟನೇ ಗುಳಿಗೆಯ ಹಿಂದೆ "ಬಂದ್" ಅಂತ ಬರೀರಿ. ಸೋಮವಾರ ಶುರು ಮಾಡಿದರೆ ಸೋಮವಾರವೇ, ಸಂತೆ ದಿನ ಶುರು ಮಾಡಿದರೆ ಸಂತೆ ದಿನವೇ.

ದಪ್ಪ ಮೈಯವರಲ್ಲಿ ವಿಟಮಿನ್ ಡಿ ಕೊಬ್ಬಿನಲ್ಲಿ ಹಂಚಿಹೋಗುತ್ತೆ, ಅಷ್ಟೇ ಪ್ರಮಾಣಕ್ಕೆ ಕಡಿಮೆ ಏರುತ್ತೆ. ಅವರಿಗೆ ಎರಡರಿಂದ ಮೂರು ಪಟ್ಟು ಬೇಕಾಗಬಹುದು. ಆ ಲೆಕ್ಕವನ್ನು ವೈದ್ಯರೇ ಹಾಕಲಿ.

"ದಿನಾ ನುಂಗೋದ್ಯಾರು, ಒಂದೇ ಸಲ ಇಂಜೆಕ್ಷನ್ ಕೊಟ್ಟುಬಿಡಿ" ಅಂತ ಕೇಳುವವರಿಗೆ ಒಂದು ಮಾತು. 6 ಲಕ್ಷ ಐಯು ಇಂಜೆಕ್ಷನ್ ಇರೋದು ನಿಜ. ಕರುಳಿನಿಂದ ಹೀರಿಕೊಳ್ಳಲಾಗದವರಿಗೆ ಅದು ಬೇಕಾಗಬಹುದು. ಆದರೆ ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಬಾಯಿಂದ ಕೊಟ್ಟು ನೋಡಿದರು. 2010ರಲ್ಲಿ ಫಲಿತಾಂಶ ಬಂತು: ತಗೊಂಡವರೇ ಜಾಸ್ತಿ ಬಿದ್ದಿದ್ದರು, ಅವರದೇ ಮೂಳೆ ಜಾಸ್ತಿ ಮುರಿದಿತ್ತು. ವಯಸ್ಸಾದವರಿಗೆ ದಿನಾ ಸಣ್ಣ ಪ್ರಮಾಣವೇ ಮೇಲು.

ಹೆಜ್ಜೆ 6: ನೋವು ಡಿ ಕೊರತೆಯದ್ದೇನಾ? ಕುಡಿಯುವ ನೀರು ನೋಡಿ

ಈ ಹೆಜ್ಜೆ ಬೆಂಗಳೂರಿನವರಿಗೆ ಬರೆದ ಮಾರ್ಗದರ್ಶಿಯಲ್ಲಿ ಸಿಗಲಿಕ್ಕಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇದು ಹೊಸ ವಿಷಯವಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರು ಸಿಗದಿದ್ದಾಗಲೂ 1.5 ದಾಟಬಾರದು ಅನ್ನೋದು ಭಾರತೀಯ ಮಾನಕ. ವರ್ಷಾನುಗಟ್ಟಲೆ ಜಾಸ್ತಿ ಫ್ಲೋರೈಡ್ ನೀರು ಕುಡಿದರೆ ಟೊಂಕ, ಕುತ್ತಿಗೆ, ಮೊಣಕಾಲು ಹಿಡಿದುಕೊಳ್ಳುತ್ತವೆ. ಮಕ್ಕಳ ಕಾಲು ಬಾಗೋದೂ ಉಂಟು. ಹೊರಗಿನಿಂದ ನೋಡಿದರೆ ವಿಟಮಿನ್ ಡಿ ಕೊರತೆಯ ಥರಾನೇ ಕಾಣುತ್ತೆ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಬಹುದು. ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟೋಕಾಗುತ್ತಾ? ಗದ್ದ ಎದೆಗೆ ತಾಗುತ್ತಾ? ಎರಡೂ ಕೈಯನ್ನು ತಲೆಯ ಹಿಂದೆ ಕಟ್ಟೋಕಾಗುತ್ತಾ? ಇವು ಆಗದೆ, ಅದೇ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳೂ ಇದ್ದರೆ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಜಿಲ್ಲಾ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಮಾದರಿ ಕಳಿಸೋ ದಾರಿ ಹೇಳುತ್ತಾರೆ. ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಂತೆ ಅದು ಇನ್ನಷ್ಟು ಗಟ್ಟಿಯಾಗುತ್ತೆ ಅಷ್ಟೇ. ಆರ್‌ಒ ಘಟಕದ ನೀರನ್ನು ಕುಡಿಯೋಕೆ ಮಾತ್ರ ಅಲ್ಲ, ಅನ್ನ ಬೇಳೆ ಬೇಯಿಸೋಕೂ ಬಳಸಿ.

ಎರಡೂ ಒಟ್ಟಿಗೆ ಇರಬಹುದು. ಕ್ಯಾಲ್ಸಿಯಂ, ವಿಟಮಿನ್ ಡಿ ಕಡಿಮೆ ಇದ್ದವರಿಗೆ ಫ್ಲೋರೈಡಿನ ಹಾವಳಿ ಇನ್ನೂ ಜಾಸ್ತಿ. ಆದರೆ ನೀರು ಬದಲಿಸದೆ ಗುಳಿಗೆ ಮಾತ್ರ ನುಂಗಿದರೆ ನೋವು ಹೋಗಲ್ಲ, ಆಗ ಜನ ಗುಳಿಗೆಯನ್ನೇ ಹೆಚ್ಚು ಮಾಡುತ್ತಾರೆ. ನಾನು ನೋಡಿದ ವಿಪರೀತ ಸೇವನೆಗೆ ಹೆಚ್ಚಾಗಿ ಇದೇ ಕಾರಣ. ಹಿಡಿತ ಜಾಸ್ತಿ ಇದ್ದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮೂಳೆ ವಿಭಾಗಕ್ಕೆ ಹೋಗಿ ಎಕ್ಸ್‌ರೇ ತೆಗೆಸಿ.

ಹೆಜ್ಜೆ 7: ರೊಟ್ಟಿಯ ಜೊತೆ ಏನಿದೆ?

ವಿಟಮಿನ್ ಡಿ ಎಷ್ಟಿದ್ದರೂ ತಟ್ಟೆಯಲ್ಲಿ ಕ್ಯಾಲ್ಸಿಯಂ ಇರಬೇಕು. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು. ನಮ್ಮ ಜೋಳದಲ್ಲಿ 100 ಗ್ರಾಂಗೆ 30 ಮಿಲಿಗ್ರಾಂ ಕೂಡ ಇಲ್ಲ. ದಕ್ಷಿಣದವರ ರಾಗಿಯಲ್ಲಿ ಸುಮಾರು 360. ಜೋಳದ ರೊಟ್ಟಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ, ಬೇಕಾಗಿಯೂ ಇಲ್ಲ. ಜೊತೆಗೆ ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು ಇರಲಿ, 200 ಗ್ರಾಂ ಮೊಸರಿಗೆ 240 ಮಿಲಿಗ್ರಾಂ ಆಸುಪಾಸು ಸಿಗುತ್ತೆ. ರೊಟ್ಟಿಗೆ ಎಳ್ಳು ಹಚ್ಚೋದು, ಸೊಪ್ಪಿನ ಪಲ್ಯ ಮಾಡೋದು ಬಿಡಬೇಡಿ. ನೀರು ಮಜ್ಜಿಗೆಯನ್ನು ಮೊಸರಿನ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಇರೋದು ಹೆಚ್ಚಾಗಿ ನೀರೇ.

ಹೆಜ್ಜೆ 8: ಸ್ಟ್ರಿಪ್ ಓದಿ ಕೊಳ್ಳಿ

ಹಿಂದೆ ಬರೆದ ಹೆಸರು ಕೋಲಿಕ್ಯಾಲ್ಸಿಫೆರಾಲ್ ಅಂತ ಇರಬೇಕು. ಅದೇ ಡಿ3. ಎರ್ಗೋಕ್ಯಾಲ್ಸಿಫೆರಾಲ್ ಅಂದರೆ ಡಿ2, ಅದಕ್ಕಿಂತ ಡಿ3 ಮಟ್ಟವನ್ನು ಚೆನ್ನಾಗಿ ಏರಿಸಿ ಹಿಡಿದಿಡುತ್ತೆ. ಕ್ಯಾಲ್ಸಿಟ್ರಿಯಾಲ್ ಅಥವಾ ಆಲ್ಫಾಕ್ಯಾಲ್ಸಿಡಾಲ್ ಅಂತ ಇದ್ದರೆ ನಿಲ್ಲಿ. ಇವು ಚುರುಕು ರೂಪದ ಔಷಧಿಗಳು, ಮುಖ್ಯವಾಗಿ ಕಿಡ್ನಿ, ಪ್ಯಾರಾಥೈರಾಯ್ಡ್ ತೊಂದರೆಯವರಿಗೆ. 0.25 ಮೈಕ್ರೋಗ್ರಾಂ ಅಂತ ಸಣ್ಣ ಅಂಕಿ ಇರುತ್ತೆ, ಕಡಿಮೆ ಶಕ್ತಿಯದ್ದು ಅಂತ ಮೋಸ ಹೋಗಬೇಡಿ. ಎಷ್ಟೋ ಕ್ಯಾಲ್ಸಿಯಂ ಗುಳಿಗೆಗಳಲ್ಲಿ ಇದನ್ನು ಸೇರಿಸಿ ಮಾರುತ್ತಾರೆ.

ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ ಒಮ್ಮೆ ಹೊರಗಿಟ್ಟು ಕೂಡಿಸಿ ನೋಡಿ. ಕ್ಯಾಲ್ಸಿಯಂ ಗುಳಿಗೆಯಲ್ಲಿ 250 ಅಥವಾ 500, ಮಲ್ಟಿವಿಟಮಿನ್‌ನಲ್ಲಿ ಒಂದಷ್ಟು, ಹಾಲಿಗೆ ಕಲಸುವ ಪುಡಿಯಲ್ಲಿ ಇನ್ನಷ್ಟು. ಎಷ್ಟೋ ಸಲ ಹೊಸ ಗುಳಿಗೆ ಕೊಳ್ಳೋ ಅಗತ್ಯವೇ ಇರಲ್ಲ. ವಿಟಮಿನ್ ಕೆ2 ಸೇರಿಸಿದ ದುಬಾರಿ ಗುಳಿಗೆಗೆ ದುಡ್ಡು ಸುರಿಯಬೇಕಾಗಿಲ್ಲ, ಅದರಿಂದ ಹೆಚ್ಚುವರಿ ಲಾಭ ಇದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ.

ಮಾಂಸಾಹಾರ ಮುಟ್ಟದವರು ಕೇಳುತ್ತಾರೆ, ಅದಕ್ಕೆ ಹೇಳ್ತೀನಿ: ಮೆತ್ತನೆ ಗುಳಿಗೆಯ ಹೊದಿಕೆ ಹೆಚ್ಚಾಗಿ ಜೆಲಟಿನ್. ಪುಡಿ ಪಾಕೀಟಿನಲ್ಲಿ ಆ ತೊಂದರೆ ಇಲ್ಲ. ಒಳಗಿನ ಡಿ3 ಮಾತ್ರ ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು. ಕುರಿ ಕೊಲ್ಲದೆ, ಉಣ್ಣೆ ಕತ್ತರಿಸಿ ತೆಗೆಯುವ ಜಿಡ್ಡು ಅದು. ಕಂಬಳಿಯ ನಾಡಿನವರಿಗೆ ಇದು ಅಷ್ಟೇನೂ ವಿಚಿತ್ರ ಅನಿಸಲಿಕ್ಕಿಲ್ಲ. ಅದೂ ಬೇಡ ಅನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಸಿಗುತ್ತೆ, ಬೆಲೆ ಜಾಸ್ತಿ.

ಹೆಜ್ಜೆ 9: ನುಂಗೋದು, ಮರೆತರೆ, ಜಾಸ್ತಿಯಾದರೆ

ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಖಾಲಿ ಹೊಟ್ಟೆಗೆ ಬೇಡ. ಮಧ್ಯಾಹ್ನದ ಊಟ ಆದ ಮೇಲೆ, ಎಣ್ಣೆಯೋ ತುಪ್ಪವೋ ಬಿದ್ದ ಊಟದ ನಂತರ ನುಂಗಿ. ಪುಡಿ ಆದರೆ ಕೆನೆ ತೆಗೆಯದ ಹಾಲಿನಲ್ಲಿ ಕಲಸಿ. ಉಪವಾಸದ ದಿನ ವಾರದ ಗುಳಿಗೆ ಬಂದರೆ ಮರುದಿನಕ್ಕೆ ದೂಡಿ, ಏನೂ ಆಗಲ್ಲ.

ದಿನದ ಗುಳಿಗೆ ಮರೆತರೆ ಬಿಟ್ಟುಬಿಡಿ. ವಾರದ್ದು ಮರೆತರೆ ನೆನಪಾದ ದಿನ ತಗೊಂಡು, ಅಲ್ಲಿಂದ ಏಳು ದಿನ ಎಣಿಸಿ. ಒಂದೇ ದಿನ ಎರಡು ಬೇಡ.

ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಕರಿಕೆ, ಮಲಬದ್ಧತೆ, ಸುಸ್ತು, ಮಂಕು ಕವಿದಂತಾಗೋದು, ಇವು ಕ್ಯಾಲ್ಸಿಯಂ ಏರಿದ ಲಕ್ಷಣಗಳು. ನಮ್ಮ ಊರಿನ ಮೇ ತಿಂಗಳಲ್ಲಿ ಬಾಯಾರಿಕೆ ಯಾರಿಗಿಲ್ಲ ಹೇಳಿ! ಸೆಕೆಗೆ ಅಂದುಕೊಂಡು ಸುಮ್ಮನಾಗೋ ಅಪಾಯ ಇದೆ. ಡಿ ತಗೊಳ್ಳುವವರಿಗೆ ಬಾಯಾರಿಕೆಯ ಜೊತೆ ವಾಕರಿಕೆ, ಮಲಬದ್ಧತೆ ಸೇರಿದರೆ ಗುಳಿಗೆ ನಿಲ್ಲಿಸಿ ಅದೇ ದಿನ ದವಾಖಾನೆಗೆ ಹೋಗಿ, ಸ್ಟ್ರಿಪ್ ಕೂಡ ಒಯ್ಯಿರಿ. ರಕ್ತದಲ್ಲಿ ಡಿ ಮಟ್ಟ 150 ದಾಟಿದರೆ ವಿಷದ ಮಟ್ಟ. ಕೊಬ್ಬಿನಲ್ಲಿ ಕೂತದ್ದು ಗುಳಿಗೆ ನಿಲ್ಲಿಸಿದ ಮೇಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಯೋದಿಲ್ಲ.

ಮರುಪರೀಕ್ಷೆ ಬೇಕಿದ್ದರೆ ಶುರು ಮಾಡಿ ಮೂರು ತಿಂಗಳಿಗೆ. ಅದಕ್ಕಿಂತ ಮುಂಚೆ ಮಾಡಿಸಿದರೆ ಮಟ್ಟ ಇನ್ನೂ ನೆಲೆಗೆ ಬಂದಿರಲ್ಲ, ದುಡ್ಡು ದಂಡ. ಮಟ್ಟ ಸರಿ ಇದ್ದು, ದಿನಕ್ಕೆ 1,000 ಐಯು ಒಳಗೇ ಇದ್ದರೆ ಮತ್ತೆ ಮತ್ತೆ ಮಾಡಿಸೋದು ಬೇಡ.

ಕೋರ್ಸ್ ಮುಗಿದ ಮೇಲೆ ಉಳಿದ 60,000ದ ಗುಳಿಗೆಯನ್ನು ಪಕ್ಕದ ಮನೆಯ ಅವ್ವನಿಗೆ "ನನಗೆ ಛಲೋ ಆತು, ನೀವೂ ತಗೋರಿ" ಅಂತ ಕೊಡಬೇಡಿ. ಅವರ ಕಿಡ್ನಿ ಹೇಗಿದೆ ಅಂತ ನಿಮಗೆ ಗೊತ್ತಿಲ್ಲ. ತಿಂಗಳಿಗೊಂದು ಅಂತ ವೈದ್ಯರು ಮುಂದುವರಿಸಿದ್ದರೆ ಅದಕ್ಕೇ ಬಳಸಿ, ಮಕ್ಕಳ ಕೈಗೆ ಸಿಗದ ತಂಪು ಜಾಗದಲ್ಲಿಡಿ. ತಗಡಿನ ಮನೆಯಾದರೆ ಮೇಲಿನ ಮಾಡಿನಲ್ಲಿ ಬೇಡ, ನೀರಿನ ಗಡಿಗೆ ಇಡುವ ಮೂಲೆಯ ಹತ್ತಿರ ಒಂದು ಮುಚ್ಚಳದ ಡಬ್ಬಿ ಸಾಕು.